ಹೊರಗೆ ಐದು ತೂತು, ಒಳಗೆ ಪೂರ್ತಿ ಆಪರೇಷನ್: ಜಠರದ ಕ್ಯಾನ್ಸರಿಗೆ ಲ್ಯಾಪ್ರೋಸ್ಕೋಪಿ ಮಾಡಿಸುವವರಿಗೆ

ಆಪರೇಷನ್ ಆದ ನಾಲ್ಕನೇ ದಿನ ಬೆಳಿಗ್ಗೆ ಡ್ರೆಸ್ಸಿಂಗ್ ಬಿಚ್ಚಿದಾಗ ತಿಪಟೂರು ಕಡೆಯ ಒಬ್ಬ ಯಜಮಾನರು ಕತ್ತು ಬಗ್ಗಿಸಿ ತಮ್ಮ ಹೊಟ್ಟೆಯನ್ನು ತಾವೇ ನೋಡಿಕೊಂಡರು. ಹೊಕ್ಕುಳ ಹತ್ತಿರ ಒಂದು ಗಾಯ, ಆ ಕಡೆ ಎರಡು, ಈ ಕಡೆ ಎರಡು. "ಇಷ್ಟೇನಾ ಸಿಸ್ಟರ್? ಇದಕ್ಕಾ ನನ್ನ ಉಪವಾಸ ಕೆಡವಿರೋದು?" ಅಂದರು. ನಕ್ಕು ಮುಂದಿನ ಮಂಚಕ್ಕೆ ಹೋದೆ. ಮಧ್ಯಾಹ್ನ ಬಂದು ನೋಡಿದರೆ ಅವರ ಮನೆಯವರು ಊರಿಂದ ತಂದ ಎಳನೀರನ್ನು ಸ್ಟೀಲ್ ಲೋಟದ ತುಂಬ ಬಗ್ಗಿಸಿ ಕುಡಿಸಿಯಾಗಿತ್ತು. ಡಾಕ್ಟರ್ ಹೇಳಿದ್ದು ಗಂಟೆಗೆ ನಾಲ್ಕೈದು ಚಮಚ ನೀರು. ಅವರ ಪುಣ್ಯ, ವಾಂತಿ ಮತ್ತು ನಿದ್ದೆಯಿಲ್ಲದ ಒಂದು ರಾತ್ರಿಯಲ್ಲಿ ಮುಗಿಯಿತು.

ಸರ್ಜಿಕಲ್ ವಾರ್ಡಿನಲ್ಲಿ ಕೆಲಸ ಮಾಡುವ ನನಗೆ ಈ ಲ್ಯಾಪ್ರೋಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತುಗಳಿಂದ ಕ್ಯಾಮೆರಾ, ಉಪಕರಣ ತೂರಿಸಿ ಮಾಡುವ ಆಪರೇಷನ್ನಿನಲ್ಲಿ, ಹೆಚ್ಚು ಭಯ ಹುಟ್ಟಿಸುವುದು ಆ ಪುಟ್ಟ ಗಾಯಗಳೇ. ಅವನ್ನು ನೋಡಿದ ಮನೆಯವರು ಒಳಗೂ ಅಷ್ಟೇ ಆಗಿದೆ ಅಂದುಕೊಳ್ಳುತ್ತಾರೆ. ದಕ್ಷಿಣ ಕೊರಿಯಾದಲ್ಲಿ 1,400ಕ್ಕೂ ಹೆಚ್ಚು ರೋಗಿಗಳನ್ನು ಸೇರಿಸಿ ನಡೆದ ಕ್ಲಾಸ್-01 ಅಧ್ಯಯನದ ಲೆಕ್ಕ ನೋಡಿ. ಆರಂಭದ ಹಂತದ ಜಠರದ ಕ್ಯಾನ್ಸರಿನಲ್ಲಿ ಹೊಟ್ಟೆ ಉದ್ದಕ್ಕೆ ಕುಯ್ದು ಮಾಡುವ ಓಪನ್ ಆಪರೇಷನ್ ಆದವರಲ್ಲಿ ಶೇ. 19.9 ಮಂದಿಗೆ ತೊಡಕು ಕಾಣಿಸಿತು, ಲ್ಯಾಪ್ರೋಸ್ಕೋಪಿ ಆದವರಲ್ಲಿ ಶೇ. 13. ಆದರೆ ಈ ಲಾಭದ ದೊಡ್ಡ ಪಾಲು ಬಂದದ್ದು ಗಾಯದ ತೊಂದರೆ ಕಡಿಮೆಯಾದ್ದರಿಂದ: ಶೇ. 7.7 ಇದ್ದದ್ದು 3.1ಕ್ಕೆ ಇಳಿಯಿತು. ಹೊಟ್ಟೆಯೊಳಗಿನ ದೊಡ್ಡ ತೊಡಕುಗಳಲ್ಲಿ, ಸಾವಿನಲ್ಲಿ, ಖಚಿತವಾಗಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಚರ್ಮದ ಕಷ್ಟ ತಗ್ಗಿತು, ಒಳಗಿನ ಹೊಲಿಗೆಯ ಕಷ್ಟ ಹಾಗೇ ಉಳಿಯಿತು. ಆ ಒಳಗಿನದಕ್ಕೆ ರೋಗಿ ಮತ್ತು ಮನೆಯವರು ಮಾಡಬಹುದಾದದ್ದು ಬಹಳ ಇದೆ, ಅದರಲ್ಲಿ ಅರ್ಧ ಆಸ್ಪತ್ರೆಗೆ ಸೇರುವ ಮೊದಲೇ ಮುಗಿಯಬೇಕಾದ ಕೆಲಸ. ಮಾತ್ರೆ, ಇಂಜೆಕ್ಷನ್ನಿನ ವಿಷಯದಲ್ಲಿ ಮಾತ್ರ ಕೊನೆಯ ಮಾತು ನಿಮ್ಮ ಡಾಕ್ಟರದ್ದೇ.

ಮೊದಲ ಹೆಜ್ಜೆ: ಎಷ್ಟು ತೆಗೆಯುತ್ತಾರೆ ಅಂತ ತಿಳಿದುಕೊಳ್ಳಿ

ಕನ್ನಡದಲ್ಲಿ ಒಂದು ತಾಪತ್ರಯ. ಉಂಡದ್ದು ಹೋಗಿ ಬೀಳುವ ಚೀಲಕ್ಕೂ ಹೊಟ್ಟೆ ಅಂತೀವಿ, ಅದನ್ನೂ ಕರುಳನ್ನೂ ಒಳಗೊಂಡ ಇಡೀ ಜಾಗಕ್ಕೂ ಹೊಟ್ಟೆ ಅಂತೀವಿ. "ಹೊಟ್ಟೆ ಪೂರ್ತಿ ತೆಗೀತಾರಂತೆ" ಎಂದು ಅತ್ತವರನ್ನು ನೋಡಿದ್ದೇನೆ. ತೆಗೆಯುವುದು ಜಠರದ ಚೀಲವನ್ನು. ಗಡ್ಡೆ ಕೆಳಭಾಗದಲ್ಲಿದ್ದರೆ ಸಾಮಾನ್ಯವಾಗಿ ಕೆಳಗಿನ ಮೂರನೇ ಎರಡು ಭಾಗ ತೆಗೆದು, ಉಳಿದದ್ದನ್ನು ಸಣ್ಣ ಕರುಳಿಗೆ ಜೋಡಿಸುತ್ತಾರೆ. ಮೇಲಿದ್ದರೆ ಅಥವಾ ಹರಡಿದ್ದರೆ ಪೂರ್ತಿ ಜಠರ ತೆಗೆದು ಅನ್ನನಾಳವನ್ನೇ ಸಣ್ಣ ಕರುಳಿಗೆ ಹೊಲಿಯುತ್ತಾರೆ. ಎರಡನೆಯದು ಕಷ್ಟದ ಜೋಡಣೆ. ಎದೆಗೂಡಿನ ಅಡಿಯಲ್ಲಿ ಕೈಯಾಡಲು ಜಾಗ ಕಡಿಮೆ, ಅನ್ನನಾಳಕ್ಕೆ ಕರುಳಿಗಿರುವಂಥ ಗಟ್ಟಿ ಹೊರಪದರವೂ ಇಲ್ಲ, ಹಾಗಾಗಿ ಸೋರಿಕೆಯ ಅಪಾಯ ಜಾಸ್ತಿ. ನಿಮ್ಮದು ಯಾವುದು ಅಂತ ಕೇಳಿ, ಚೀಟಿಯಲ್ಲಿ ಚಿತ್ರ ಬರೆಸಿಕೊಳ್ಳಿ. ಎರಡು ನಿಮಿಷದ ಕೆಲಸ, ಬಹುತೇಕ ಸರ್ಜನ್‌ಗಳು ಖುಷಿಯಿಂದ ಬರೆದುಕೊಡುತ್ತಾರೆ.

ಎಲ್ಲಕ್ಕಿಂತ ಕಡಿಮೆ ತೊಡಕಿನ ಆಪರೇಷನ್ ಅಂದರೆ ಬೇಡದಿದ್ದಾಗ ಮಾಡದೇ ಬಿಟ್ಟ ಆಪರೇಷನ್. ಒಳಪದರದಲ್ಲೇ ಇರುವ ಸಣ್ಣ ಗಡ್ಡೆಯಾದರೆ ಕೆಲವೊಮ್ಮೆ ಎಂಡೋಸ್ಕೋಪಿಯಲ್ಲೇ ಸುಲಿದು ತೆಗೆಯಬಹುದು. ಮುಂದುವರಿದ ಗಡ್ಡೆಯಾದರೆ ಮೊದಲು ಕೀಮೋ ಕೊಟ್ಟು ಆಮೇಲೆ ಆಪರೇಷನ್ನಿಗೆ ಬರುವುದು ಈಗಿನ ರೂಢಿ. ಅಂಥವರಿಗೆ ಮೊದಲು ದುರ್ಬೀನು ಹಾಕಿ ಬರೀ ಇಣುಕಿ ನೋಡುವ ಒಂದು ಚಿಕ್ಕ ಪರೀಕ್ಷೆ ಇದೆ. ಸಿ.ಟಿ. ಸ್ಕ್ಯಾನಿಗೆ ಕಾಣದ ಸಾಸಿವೆ ಕಾಳಿನಂಥ ಗಂಟುಗಳು ಹೊಟ್ಟೆಯ ಒಳಪದರದ ಮೇಲೆ ಹರಡಿದ್ದರೆ ಅದರಲ್ಲಿ ಸಿಕ್ಕಿಬೀಳುತ್ತವೆ, ದೊಡ್ಡ ಆಪರೇಷನ್ನಿನ ನೋವು ತಪ್ಪುತ್ತದೆ. "ಇಣುಕು ಲ್ಯಾಪ್ರೋಸ್ಕೋಪಿ ನಮಗೆ ಬೇಕಾ?" ಎಂದು ಕೇಳಲು ಸಂಕೋಚ ಬೇಡ.

ಎರಡನೆಯದು: ಸರ್ಜನ್ ಹತ್ತಿರ ಕೇಳುವ ಮಾತು

1991ರಲ್ಲಿ ಜಪಾನಿನಲ್ಲಿ ಸೀಗೊ ಕಿಟಾನೊ ಅವರ ತಂಡ ಜಠರದ ಕ್ಯಾನ್ಸರಿಗೆ ಮೊದಲ ಬಾರಿ ಲ್ಯಾಪ್ರೋಸ್ಕೋಪಿ ಬಳಸಿತು. ಅಲ್ಲೂ ಕೊರಿಯಾದಲ್ಲೂ ಈ ಕ್ಯಾನ್ಸರ್ ಹೆಚ್ಚು, ಕೈ ಪಳಗುವಷ್ಟು ಕೇಸು ಸಿಗುತ್ತವೆ. ಮೇಲೆ ಹೇಳಿದ ಕೊರಿಯಾದ ಅಧ್ಯಯನಕ್ಕೆ ಸೇರಬೇಕಾದರೆ ಸರ್ಜನ್ ಕನಿಷ್ಠ 50 ಇಂಥ ಲ್ಯಾಪ್ರೋಸ್ಕೋಪಿ ಮಾಡಿರಲೇಬೇಕಿತ್ತು. ಹಾಗಾಗಿ ಆ ಶೇ. 13 ಪಳಗಿದ ಕೈಯ ಅಂಕಿ. ಪಿತ್ತಕೋಶದ ಕಲ್ಲು, ಅಪೆಂಡಿಕ್ಸ್ ನೂರಾರು ಮಾಡಿದವರಿಗೂ ಇದು ಬೇರೆಯೇ ವಿದ್ಯೆ.

ಕೇಳಿ: ಜಠರದ ಕ್ಯಾನ್ಸರಿನದ್ದೇ ಎಷ್ಟು ಮಾಡಿದ್ದೀರಿ, ವರ್ಷಕ್ಕೆ ಎಷ್ಟು? ಮಧ್ಯರಾತ್ರಿ ರಕ್ತಸ್ರಾವವಾದರೆ ತೊಡೆಯ ರಕ್ತನಾಳದಿಂದ ತಂತಿ ತೂರಿಸಿ ನಿಲ್ಲಿಸುವ ರೇಡಿಯಾಲಜಿಸ್ಟ್ ಇಲ್ಲಿ ಸಿಗುತ್ತಾರಾ? ಸೋರಿಕೆಯಾದರೆ ಎಂಡೋಸ್ಕೋಪಿಯಲ್ಲಿ ಸ್ಟೆಂಟ್ ಹಾಕುವವರು ಇದ್ದಾರಾ? ಐಸಿಯು ಮಂಚ ಖಾತರಿ ಇದೆಯಾ? ತೊಡಕು ಎಲ್ಲರ ಕೈಯಲ್ಲೂ ಆಗುತ್ತದೆ. ಒಳ್ಳೆಯ ಆಸ್ಪತ್ರೆಯ ಗುಣ ಗೊತ್ತಾಗುವುದು ಅದನ್ನು ಬೇಗ ಹಿಡಿದು ಸಂಭಾಳಿಸುವುದರಲ್ಲಿ. "ನಮ್ಮಲ್ಲಿ ಏನೂ ಆಗಲ್ಲ" ಅನ್ನುವವರಿಗಿಂತ "ಆದರೆ ಹೀಗೆ ಮಾಡ್ತೀವಿ" ಅನ್ನುವವರನ್ನು ನಾನು ನಂಬುತ್ತೇನೆ.

ಇನ್ನೊಂದು. ಮಧ್ಯದಲ್ಲಿ ಓಪನ್‌ಗೆ ಬದಲಾಯಿಸಿದರೆ ಅದನ್ನು ಸೋಲು ಅಂತ ತಿಳಿಯಬೇಡಿ. ರಕ್ತ ನಿಲ್ಲದಿದ್ದಾಗ, ಗಡ್ಡೆ ಅಂಟಿಕೊಂಡಿದ್ದಾಗ ಹಟ ಹಿಡಿದು ತೂತಿನಲ್ಲೇ ಮುಗಿಸಲು ಹೋಗುವುದು ಅಪಾಯ. ಒಪ್ಪಿಗೆ ಪತ್ರದಲ್ಲಿ ಅದನ್ನು ಬರೆದಿರುತ್ತಾರೆ, ಹೊರಗೆ ಕಾಯುವವರಿಗೂ ಮೊದಲೇ ಹೇಳಿಡಿ.

ಹಣದ ಮಾತೂ ಇಲ್ಲೇ ಮುಗಿಸಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕಾರ್ಡ್ ಇದ್ದರೆ ಆಸ್ಪತ್ರೆಯ ಆರೋಗ್ಯ ಮಿತ್ರರ ಹತ್ತಿರ ಹೋಗಿ, ಯಾವ ಆಪರೇಷನ್ ಮಂಜೂರಾಗುತ್ತದೆ, ಕರುಳು ಜೋಡಿಸುವ ಸ್ಟೇಪ್ಲರ್ ಖರ್ಚು ಅದರೊಳಗಿದೆಯಾ, ತೊಡಕಾಗಿ ದಿನ ಹೆಚ್ಚಾದರೆ ಏನು ಅಂತ ಕೇಳಿ. ದುಡ್ಡಿಗೆ ಅಂಜಿ ಐದನೇ ದಿನವೇ ಮನೆಗೆ ಕರೆದೊಯ್ದು, ಎಂಟನೇ ದಿನ ಆಂಬುಲೆನ್ಸಿನಲ್ಲಿ ವಾಪಸ್ ತಂದವರನ್ನು ಕಂಡಿದ್ದೇನೆ.

ಮೂರನೆಯದು: ಮುಂಚಿನ ನಾಲ್ಕು ವಾರ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವಿರಾದರೆ ಇದನ್ನು ಓದಿ.

ತೂಕದಿಂದ ಶುರು ಮಾಡೋಣ. ಈ ಕಾಯಿಲೆಯವರು ನಮ್ಮ ಹತ್ತಿರ ಬರುವಾಗಲೇ ಅಂಗಿ ಜೋತುಬಿದ್ದಿರುತ್ತದೆ. ಆರು ತಿಂಗಳಲ್ಲಿ ತೂಕ ಶೇ. 10ಕ್ಕಿಂತ ಹೆಚ್ಚು ಇಳಿದಿದ್ದರೆ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 18.5ಕ್ಕಿಂತ ಕೆಳಗಿದ್ದರೆ, ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಡೆಸಿಲೀಟರಿಗೆ 3 ಗ್ರಾಂಗಿಂತ ಕಡಿಮೆ ಇದ್ದರೆ ಒಳಗಿನ ಹೊಲಿಗೆ ಕೂಡಿಕೊಳ್ಳಲು ದೇಹದಲ್ಲಿ ಸರಕೇ ಇಲ್ಲ ಅಂತ ಅರ್ಥ. ಅಂಥವರಿಗೆ ಕ್ಯಾನ್ಸರ್ ಆಪರೇಷನ್ನಾದರೂ ಸರಿ, ಒಂದೆರಡು ವಾರ ಮುಂದೂಡಿ ಆಹಾರ ಕೊಡುವುದೇ ಲೇಸು ಎಂಬುದು ಪೌಷ್ಟಿಕ ತಜ್ಞರ ಅಂತರರಾಷ್ಟ್ರೀಯ ಮಾರ್ಗಸೂಚಿ. "ಕ್ಯಾನ್ಸರ್ ಇಟ್ಕೊಂಡು ಎರಡು ವಾರ ಕಾಯೋದಾ?" ಅಂತ ಮನೆಯವರು ಹೌಹಾರುತ್ತಾರೆ. ಕಾಯಬಹುದು. ಬಡಕಲು ದೇಹದ ಸೋರಿಕೆಗೆ ಹೋಲಿಸಿದರೆ ಎರಡು ವಾರ ಏನೂ ಅಲ್ಲ.

ಪ್ರೋಟೀನ್ ಎಷ್ಟು ಬೇಕು? ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ. 50 ಕಿಲೋ ಇರುವವರಿಗೆ 60ರಿಂದ 75 ಗ್ರಾಂ. ಎರಡು ಮೊಟ್ಟೆ ಅಂದರೆ 12 ಗ್ರಾಂ, ಮೂರು ಲೋಟ ಹಾಲು-ಮೊಸರು ಸುಮಾರು 20, ನೂರು ಗ್ರಾಂ ಪನೀರು 18ರ ಆಸುಪಾಸು, ಎರಡು ಬಟ್ಟಲು ಗಟ್ಟಿ ತೊವ್ವೆ 14. ಕೂಡಿಸಿದರೆ ಅರವತ್ತು ದಾಟಿತು. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿ ಹೆಚ್ಚಿಸಬೇಕು. ನಮ್ಮ ಮನೆಗಳಲ್ಲಿ ಆಗುವ ತಪ್ಪು ಗಂಜಿಯದ್ದು. ಕಾಯಿಲೆಯವರು ಅಂದ ಕೂಡಲೇ ನೀರು ನೀರು ಗಂಜಿ, ತಿಳಿಸಾರು. ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದು ಕಡಿಮೆ. ಗಂಜಿಯೇ ಬೇಕೆಂದರೆ ಅದಕ್ಕೆ ಹಾಲಿನ ಪುಡಿ, ನುಣ್ಣಗೆ ಬೇಯಿಸಿದ ಹೆಸರುಬೇಳೆ, ಒಂದು ಚಮಚ ತುಪ್ಪ ಬೆರೆಸಿ. ಗಡ್ಡೆ ದಾರಿ ಮುಚ್ಚಿ ಏನು ತಿಂದರೂ ವಾಂತಿಯಾಗುತ್ತಿದ್ದರೆ ಮನೆಯಲ್ಲಿ ಪ್ರಯೋಗ ಮಾಡುತ್ತ ಕೂರಬೇಡಿ. ಮೂಗಿನ ಮೂಲಕ ಕರುಳಿಗೆ ನಳಿಗೆ ಇಳಿಸಿ ಆಹಾರ ಕೊಡುವ ದಾರಿ ಇದೆ.

ಬೀಡಿ, ಸಿಗರೇಟು ಇಂದೇ ಬಿಡಬೇಕು. ನಾಲ್ಕು ವಾರ ಸಿಕ್ಕರೆ ಶ್ವಾಸಕೋಶ ಸುಧಾರಿಸುತ್ತದೆ, ಗಾಯ ಮಾಯುವುದೂ ಸುಧಾರಿಸುತ್ತದೆ. ಗುಟ್ಕಾ, ಹೊಗೆಸೊಪ್ಪು ಬಿಟ್ಟು ಬಾಯಿ ಚೊಕ್ಕಟ ಮಾಡಿಕೊಳ್ಳಿ. ಹುಳುಕು ಹಲ್ಲಿದ್ದರೆ ದಂತವೈದ್ಯರಿಗೆ ತೋರಿಸಿ, ಬಾಯಿಯ ಕೊಳಕೇ ಆಮೇಲೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗುವುದುಂಟು. ಮೂರು ಚೆಂಡಿನ ಉಸಿರಾಟದ ಸಾಧನವನ್ನು ಆಪರೇಷನ್ನಿಗೆ ಮೊದಲೇ ಕೊಂಡು ರೂಢಿ ಮಾಡಿಕೊಳ್ಳಿ. ಊದುವುದಲ್ಲ, ಒಳಗೆ ಎಳೆಯುವುದು! ನೋವಿನ ನಡುವೆ ಇದನ್ನು ಹೊಸದಾಗಿ ಕಲಿಸುವುದು ನಮ್ಮಂಥ ನರ್ಸ್‌ಗಳಿಗೆ ದೊಡ್ಡ ಪಾಡು. ದಿನಾ ಅರ್ಧ ಗಂಟೆ ನಡೆಯಿರಿ.

ಈ ಗಡ್ಡೆಯಿಂದ ಸದ್ದಿಲ್ಲದೆ ರಕ್ತ ಸೋರುತ್ತಿರುತ್ತದೆ, ಹಾಗಾಗಿ ಹಿಮೋಗ್ಲೋಬಿನ್ ಕಡಿಮೆ ಇರುವುದು ಮಾಮೂಲು. ಸಮಯವಿದ್ದರೆ ಕಬ್ಬಿಣಾಂಶವನ್ನು ಡ್ರಿಪ್ಪಿನಲ್ಲಿ ಕೊಟ್ಟು ಏರಿಸಬಹುದು. ಕೊನೇ ಗಳಿಗೆಯಲ್ಲಿ ಬಾಟಲಿ ಬಾಟಲಿ ರಕ್ತ ಏರಿಸುವುದಕ್ಕಿಂತ ಅದು ವಾಸಿ.

ಮಾತ್ರೆಗಳ ಚೀಲವನ್ನು ಹಾಗೇ ಹೊತ್ತು ತನ್ನಿ, ನಾಟಿ ಔಷಧಿ, ಕಷಾಯದ ಪುಡಿ ಸಮೇತ. ಕ್ಲೊಪಿಡೋಗ್ರೆಲ್‌ನಂಥ ರಕ್ತ ತೆಳುವಾಗಿಸುವ ಮಾತ್ರೆಯನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕು ಎಂದು ಹೃದಯದ ಡಾಕ್ಟರೂ ಸರ್ಜನ್ನೂ ಸೇರಿ ಹೇಳಬೇಕು. ಹೃದಯದಲ್ಲಿ ಸ್ಟೆಂಟ್ ಇದ್ದವರು ತಾವೇ ನಿಲ್ಲಿಸಿದರೆ ಹೃದಯಾಘಾತಕ್ಕೆ ದಾರಿ. ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ನುಂಗುತ್ತಿದ್ದರೆ ಅದನ್ನು ಹೆಸರು ಹಿಡಿದು ಹೇಳಿ. ಸಾಮಾನ್ಯವಾಗಿ ಮೂರು ದಿನ ಮೊದಲು ನಿಲ್ಲಿಸುತ್ತಾರೆ. ಇಲ್ಲದಿದ್ದರೆ ಗ್ಲುಕೋಮೀಟರಿನಲ್ಲಿ ಸಕ್ಕರೆ ಸರಿ ಕಂಡರೂ ರಕ್ತ ಆಮ್ಲವಾಗುವ ಅಪಾಯವಿದೆ.

ನಾಲ್ಕನೆಯದು: ಹಿಂದಿನ ದಿನ

ಹಿಂದಿನ ಸಂಜೆಯಿಂದಲೇ ಒಣ ಉಪವಾಸ ಬೇಕಿಲ್ಲ. ಅನ್ನಾಹಾರ ಆರು ಗಂಟೆ ಮೊದಲು ನಿಲ್ಲಿಸಿದರೆ ಸಾಕು, ನೀರಿನಂಥ ತಿಳಿ ದ್ರವವನ್ನು ಎರಡು ಗಂಟೆ ಮೊದಲಿನವರೆಗೂ ಕುಡಿಯಬಹುದು. ಆದರೆ ಗಡ್ಡೆಯಿಂದ ಜಠರದ ಬಾಗಿಲು ಮುಚ್ಚಿದವರಿಗೆ ಈ ಲೆಕ್ಕ ನಡೆಯದು. ಅವರ ಜಠರದಲ್ಲಿ ಮೊನ್ನೆಯ ಅನ್ನವೂ ಇರಬಹುದು. ನಳಿಗೆ ಹಾಕಿ ತೊಳೆಯುತ್ತಾರೆ, ಸಹಕರಿಸಿ. ಹೊಟ್ಟೆಯ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ಬೋಳಿಸಿಕೊಂಡು ಬರಬೇಡಿ. ಗೀಚಿದ ಗಾಯಗಳಲ್ಲೇ ಸೋಂಕು ಹುಟ್ಟುತ್ತದೆ. ಬೇಕಾದರೆ ನಾವೇ ಕ್ಲಿಪ್ಪರಿನಲ್ಲಿ ತೆಗೆಯುತ್ತೇವೆ.

ಒಳಗೆ ಏನು ನಡೆಯುತ್ತದೆ

ಹೊಟ್ಟೆಗೆ ಇಂಗಾಲದ ಡೈ ಆಕ್ಸೈಡ್ ತುಂಬಿ ಉಬ್ಬಿಸುತ್ತಾರೆ. ಜಠರದ ಜೊತೆ ಅದರ ಸುತ್ತಲಿನ ದುಗ್ಧಗ್ರಂಥಿಗಳನ್ನೂ (ಲಿಂಫ್ ನೋಡ್) ಬಿಡಿಸಿ ತೆಗೆಯುತ್ತಾರೆ. ರೋಗದ ಹಂತ ಸರಿಯಾಗಿ ತಿಳಿಯಲು ಕನಿಷ್ಠ 16 ಗ್ರಂಥಿ ಪರೀಕ್ಷೆಗೆ ಸಿಗಬೇಕು. ಈ ಗ್ರಂಥಿಗಳು ಮೇದೋಜೀರಕದ, ಅಂದರೆ ಪ್ಯಾಂಕ್ರಿಯಾಸಿನ ಮೇಲಂಚಿನಲ್ಲಿ ರಕ್ತನಾಳಗಳಿಗೆ ಅಂಟಿಕೊಂಡಿರುತ್ತವೆ. ಪ್ಯಾಂಕ್ರಿಯಾಸ್ ಬೆಣ್ಣೆಯ ಹಾಗೆ. ಸಹಾಯಕರ ಉಪಕರಣ ಅದನ್ನು ಸ್ವಲ್ಪ ಜೋರಾಗಿ ಒತ್ತಿದರೂ, ಬಿಸಿ ತುದಿ ತಾಗಿದರೂ, ಜೀರ್ಣರಸ ಸೋರಿ ಪಕ್ಕದ ರಕ್ತನಾಳವನ್ನೇ ತಿನ್ನಲು ಶುರು ಮಾಡುತ್ತದೆ. ಪಳಗಿದ ತಂಡ ಅಂದರೆ ಸರ್ಜನ್ ಒಬ್ಬರೇ ಅಲ್ಲ, ಕ್ಯಾಮೆರಾ ಹಿಡಿದವರು, ಎದುರಿಗೆ ನಿಂತವರು ಎಲ್ಲ ಸೇರಿ. ಇಲ್ಲಿ ನೀವು ಮಾಡುವಂಥದ್ದೇನೂ ಇಲ್ಲ, ಸರಿಯಾದ ತಂಡವನ್ನು ಆರಿಸಿಕೊಂಡದ್ದಷ್ಟೇ ನಿಮ್ಮ ಪಾಲು.

ಐದನೆಯದು: ಮೊದಲ ಹತ್ತು ದಿನ

ಆಪರೇಷನ್ ಆದ ಮರುದಿನವೇ ಎಬ್ಬಿಸಿ ನಡೆಸುತ್ತೇವೆ. "ಪಾಪ, ಮಲಗ್ಲಿ ಬಿಡಿ ಸಿಸ್ಟರ್" ಅನ್ನಬೇಡಿ. ಮಲಗಿದಷ್ಟೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ. ತಲೆದೆಸೆ ಎತ್ತರಿಸಿ ಮಲಗಬೇಕು, ಎಚ್ಚರವಿದ್ದಾಗ ಗಂಟೆಗೆ ಹತ್ತು ಸಲ ಚೆಂಡು ಎಳೆಯಬೇಕು, ಕೆಮ್ಮುವಾಗ ದಿಂಬನ್ನು ಹೊಟ್ಟೆಗೆ ಅವುಚಿಕೊಳ್ಳಬೇಕು. ನೋವು ತಡೆದುಕೊಂಡು ಶೂರತನ ತೋರಿಸುವುದೂ ಬೇಡ. ನೋವಿದ್ದರೆ ಉಸಿರು ಮೇಲುಮೇಲೆ ಆಡುತ್ತದೆ, ಔಷಧಿ ಕೇಳಿ ತೆಗೆದುಕೊಳ್ಳಿ. ಹೊಟ್ಟೆಯ ಚರ್ಮಕ್ಕೆ ಕೊಡುವ ಹೆಪಾರಿನ್ ಜಾತಿಯ ಸೂಜಿ ಹೆಪ್ಪು ತಡೆಯಲು. ಕ್ಯಾನ್ಸರ್ ಆಪರೇಷನ್ ಆದವರಲ್ಲಿ ಹಲವರಿಗೆ ಇದನ್ನು ನಾಲ್ಕು ವಾರ ಮುಂದುವರಿಸುತ್ತಾರೆ, ಡಿಸ್ಚಾರ್ಜ್ ಚೀಟಿಯಲ್ಲಿ ಇದೆಯಾ ನೋಡಿ.

ಮಂಚದ ಪಕ್ಕ ಕೂರುವವರಿಗೆ ಕಲಿಸಬೇಕಾದ ಮುಖ್ಯ ಪಾಠ ಡ್ರೈನ್ ಚೀಲದ, ಅಂದರೆ ಹೊಟ್ಟೆಯೊಳಗಿನ ದ್ರವ ನಳಿಗೆಯಿಂದ ಬಂದು ಬೀಳುವ ಚೀಲದ ಬಣ್ಣ. ಮೊದಲೆರಡು ದಿನ ಕೆಂಪು ನೀರು, ಆಮೇಲೆ ತೆಳು ಹಳದಿ, ಅಂದರೆ ಒಣಹುಲ್ಲಿನ ಬಣ್ಣ. ಇದು ಸರಿ. ಹಸಿರು ಅಥವಾ ಮಾಸಲು, ನಾತ ಬರುವ ದ್ರವ ಕಂಡರೆ ಜೋಡಣೆ ಸೋರುತ್ತಿರಬಹುದು. ಜಠರದ ಕೆಳಗೆ ಕತ್ತರಿಸಿ ಮುಚ್ಚಿದ ಸಣ್ಣ ಕರುಳಿನ ತುದಿ ಬಿಟ್ಟುಕೊಂಡಾಗ ಪಿತ್ತದ ಹಸಿರು ಬರುತ್ತದೆ. ಹಾಲಿನಂತೆ ಬೆಳ್ಳಗಿದ್ದರೆ ದುಗ್ಧರಸ (ಲಿಂಫ್). ಇದು ಬಹಳ ಸಲ ಕೊಬ್ಬಿಲ್ಲದ ಆಹಾರದಿಂದಲೇ ನಿಲ್ಲುತ್ತದೆ.

ಒಂದು ಬಣ್ಣಕ್ಕೆ ಮಾತ್ರ ಕೂಗಿ ಕರೆಯಿರಿ. ತಿಳಿಯಾಗಿದ್ದ ಡ್ರೈನಿನಲ್ಲಿ ಐದಾರು ದಿನ ಕಳೆದ ಮೇಲೆ ಇದ್ದಕ್ಕಿದ್ದಂತೆ ತಾಜಾ ಕೆಂಪು. ಎರಡೇ ಚಮಚ ಇರಬಹುದು, ತಾನೇ ನಿಂತೂ ಹೋಗಬಹುದು. ಪ್ಯಾಂಕ್ರಿಯಾಸ್ ರಸ ತಿಂದ ರಕ್ತನಾಳ ಪೂರ್ತಿ ಒಡೆಯುವ ಮೊದಲು ಕೊಡುವ ಮುನ್ಸೂಚನೆ ಅದಾಗಿರಬಹುದು. ಅದಾದ ಕೆಲವು ಗಂಟೆಗಳಲ್ಲಿ ಪ್ರವಾಹದಂತೆ ರಕ್ತ ಹೋಗಬಹುದು. "ನಿಂತುಹೋಯ್ತಲ್ಲ, ಬೆಳಿಗ್ಗೆ ಹೇಳೋಣ" ಅಂತ ಬಿಟ್ಟರೆ ಬೆಳಿಗ್ಗೆ ಹೇಳಲು ಏನೂ ಉಳಿದಿರುವುದಿಲ್ಲ. ಅದೇ ಗಳಿಗೆಯಲ್ಲಿ ರಕ್ತನಾಳ ತೋರಿಸುವ ಸಿ.ಟಿ. ಆಂಜಿಯೋ ಮಾಡಿಸಿದರೆ ಜೀವ ಉಳಿಸಬಹುದು.

ನಾಡಿಯ ಮೇಲೂ ಕಣ್ಣಿರಲಿ. ಸೋರಿಕೆ ಹೆಚ್ಚಾಗಿ ಮೂರನೇ ದಿನದಿಂದ ಹತ್ತನೇ ದಿನದೊಳಗೆ ತಲೆ ಎತ್ತುತ್ತದೆ, ಜ್ವರಕ್ಕಿಂತ ಮೊದಲೇ ನಾಡಿ ಓಡಲು ಶುರುವಾಗಬಹುದು. ನೋವಿಲ್ಲದೆ ಮಲಗಿರುವ ಮನುಷ್ಯನ ನಾಡಿ 110, 120 ಇದ್ದರೆ, ಏದುಸಿರು ಬಿಡುತ್ತಿದ್ದರೆ, "ಯಾಕೋ ಸರಿ ಇಲ್ಲ ಕಣಮ್ಮ" ಅನ್ನುತ್ತಿದ್ದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಭುಜದ ನೋವಿನಲ್ಲೂ ಎರಡು ಬಗೆ. ಮೊದಲೆರಡು ದಿನದ್ದು ತುಂಬಿದ ಗ್ಯಾಸಿನದ್ದು, ತಾನೇ ಹೋಗುತ್ತದೆ. ಐದನೇ ದಿನ ಹೊಸದಾಗಿ ಎಡಭುಜ ಹಿಡಿದು ಜ್ವರವೂ ಬಂದರೆ ವಪೆಯ (ಎದೆಗೂ ಹೊಟ್ಟೆಗೂ ನಡುವಿನ ಪರದೆ) ಅಡಿ ಕೀವು ಕಟ್ಟಿರಬಹುದು.

ಆರನೆಯದು: ಮನೆಗೆ ಬಂದ ಮೇಲೆ ಊಟ

ಮೂರು ಹೊತ್ತಿನ ಊಟ ಮರೆತುಬಿಡಿ. ದಿನಕ್ಕೆ ಆರೇಳು ಸಲ, ಒಂದು ಸಲಕ್ಕೆ ಅರ್ಧ ಬಟ್ಟಲು. ಮೆತ್ತಗಿನ ಇಡ್ಲಿ, ತೊವ್ವೆ ಅನ್ನ, ಬೇಯಿಸಿದ ಮೊಟ್ಟೆ, ಮುಳ್ಳು ತೆಗೆದ ಮೀನು, ಮೊಸರು. ಜಠರ ಅರೆಯುತ್ತಿದ್ದದ್ದನ್ನು ಈಗ ಹಲ್ಲೇ ಅರೆಯಬೇಕು. ಮುದ್ದೆ ನುಂಗಿ ಬೆಳೆದವರಿಗೆ ಇದು ಶಿಕ್ಷೆಯೇ ಸರಿ, ಮುದ್ದೆಯನ್ನು ಅಗಿಯುವುದು ಯಾರಿಗೆ ಗೊತ್ತು! ಕೆಲವು ತಿಂಗಳು ಅದನ್ನು ಬದಿಗಿಡಿ. ಬಾಳೆದಿಂಡು, ನುಗ್ಗೆಕಾಯಿ, ಕಿತ್ತಳೆಯ ನಾರು ಉಂಡೆಗಟ್ಟಿ ಸಿಕ್ಕಿಕೊಳ್ಳಬಹುದು. ನೀರು ಊಟದ ಜೊತೆ ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಉಂಡ ಕೂಡಲೇ ಮಲಗಬೇಡಿ.

ಸಿಹಿ ತಿಂದ ಕಾಲು-ಅರ್ಧ ಗಂಟೆಯಲ್ಲಿ ಎದೆ ಡವಡವ, ಬೆವರು, ಹೊಟ್ಟೆನುಲಿ, ಭೇದಿ ಬಂದರೆ ಅದಕ್ಕೆ ಡಂಪಿಂಗ್ ಅಂತಾರೆ. ತಡೆಯಲು ಜಠರವಿಲ್ಲದೆ ಸಕ್ಕರೆ ನೀರು ಸೀದಾ ಕರುಳಿಗೆ ಸುರಿದದ್ದರ ಫಲ. ಒಂದರಿಂದ ಮೂರು ಗಂಟೆ ಬಿಟ್ಟು ಕೈನಡುಕ, ಕಣ್ಣು ಕತ್ತಲೆ ಬಂದರೆ ಸಕ್ಕರೆ ಕುಸಿದಿದೆ. ಪಾಯಸ, ಹಣ್ಣಿನ ರಸ, ಬೆಲ್ಲದ ಪಾನಕ, ಲೋಟಗಟ್ಟಲೆ ಎಳನೀರು ಎಲ್ಲ ಈ ಪಟ್ಟಿಗೆ ಸೇರಿದ್ದು. ನೋಡಲು ಬರುವ ನೆಂಟರು ತರುವುದೂ ಇವೇ. ಬಾಗಿಲಲ್ಲೇ ಹೇಳಿ, ಮೊಟ್ಟೆ ತನ್ನಿ ಅಂತ.

ವರ್ಷ ಕಳೆದ ಮೇಲೆ ಉಳಿಯುವ ಎರಡು ಕೆಲಸ

ಪೂರ್ತಿ ಜಠರ ತೆಗೆದವರಿಗೆ ವಿಟಮಿನ್ ಬಿ12 ಹೀರುವ ಮುಖ್ಯ ದಾರಿಯೇ ಮುಚ್ಚಿತು. ಪಿತ್ತಜನಕಾಂಗದ ದಾಸ್ತಾನು ಕೆಲವು ವರ್ಷ ನಡೆಸುತ್ತದೆ, ಆದ್ದರಿಂದಲೇ ಜನ ಮರೆಯುತ್ತಾರೆ. ಆಮೇಲೆ ಪಾದ ಜುಮುಗುಟ್ಟುತ್ತದೆ, ನಡಿಗೆ ತಪ್ಪುತ್ತದೆ. ಒಂದರಿಂದ ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್, ಜೀವ ಇರುವವರೆಗೆ. ಕಬ್ಬಿಣಾಂಶವನ್ನೂ ಆಗಾಗ ಪರೀಕ್ಷಿಸಿ.

ಇನ್ನೊಂದು ಒಳಗಿನ ಹರ್ನಿಯಾ. ಕರುಳನ್ನು ಹೊಸ ದಾರಿಯಲ್ಲಿ ಜೋಡಿಸುವಾಗ ಹಿಂದೆ ಸಂದುಗಳು ಉಳಿಯುತ್ತವೆ. ಸರ್ಜನ್ ಅವನ್ನು ಹೊಲಿದು ಮುಚ್ಚಿದ್ದರೂ ತೂಕ ಇಳಿದು ಒಳಗಿನ ಕೊಬ್ಬು ಕರಗಿದಾಗ ಸಂದು ಮತ್ತೆ ಬಾಯಿಬಿಡಬಹುದು, ಕರುಳು ನುಗ್ಗಿ ತಿರುಚಿಕೊಳ್ಳಬಹುದು. ಓಪನ್ ಆಪರೇಷನ್ನಿನಲ್ಲಿ ಕರುಳುಗಳು ಅಲ್ಲಲ್ಲಿ ಅಂಟಿಕೊಂಡು ಕದಲದೆ ಇರುತ್ತವೆ, ಲ್ಯಾಪ್ರೋಸ್ಕೋಪಿಯಲ್ಲಿ ಅಂಟು ಕಡಿಮೆ, ಹಾಗಾಗಿ ಓಡಾಟ ಜಾಸ್ತಿ. ತಿಂಗಳುಗಳು, ವರ್ಷಗಳಾದ ಮೇಲೂ ಬರಬಹುದು: ದಿಢೀರನೆ ಹಿಂಡುವ ನೋವು, ಬರೀ ಓಕರಿಕೆ. ಊರಿನ ಕ್ಲಿನಿಕ್ಕಿನಲ್ಲಿ ಹೊಟ್ಟೆ ಮುಟ್ಟಿ ನೋಡಿದರೆ ಮೆತ್ತಗೇ ಇರುತ್ತದೆ, ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ಟು ಕಳಿಸಿಬಿಡುತ್ತಾರೆ. ಅಲ್ಲಿ ನೀವೇ ಬಾಯಿಬಿಟ್ಟು ಹೇಳಬೇಕು, "ನನಗೆ ಜಠರ ತೆಗೆದಿದ್ದಾರೆ, ಸಿ.ಟಿ. ಮಾಡಿಸಿ" ಅಂತ. ಗಾಯದ ಗುರುತು ನೋಡಿದರೆ ಯಾರಿಗೂ ಅಷ್ಟು ದೊಡ್ಡ ಆಪರೇಷನ್ ಆಗಿದೆ ಅಂತ ಅನ್ನಿಸುವುದಿಲ್ಲ. ತಿಪಟೂರಿನ ಯಜಮಾನರು ಬಿ12 ಸೂಜಿಗೆ ಬಂದಾಗ ನೋಡಿದೆ, ಆಪರೇಷನ್ ಚೀಟಿಯ ಜೆರಾಕ್ಸನ್ನು ಲ್ಯಾಮಿನೇಟ್ ಮಾಡಿಸಿ ಆಧಾರ್ ಕಾರ್ಡಿನ ಜೊತೆ ಅಂಗಿ ಜೇಬಿನಲ್ಲಿ ಇಟ್ಟುಕೊಂಡಿದ್ದಾರೆ.